ಹದಿನೈದು ಎಚ್‌ಪಿಯೂ ಒಂದು ಗಡಿಗೆ ಮೊಸರೂ

ಅಗರಖೇಡದ ಶ್ರೀಶೈಲಪ್ಪನಿಗೆ ಕುಡಿಯುವ ಚಟವಿಲ್ಲ, ಇಸ್ಪೀಟಿನ ಚಟವಿಲ್ಲ, ಒಂದು ಚಿಟಿಕೆ ತಂಬಾಕು ಕೂಡ ಬಾಯಿಗೆ ಹಾಕಿದವನಲ್ಲ. ಅವನಿಗಿರುವುದು ಒಂದೇ ಚಟ, ಮೋಟರು. ತಿರುಗುವ ವಸ್ತು ಕಂಡರೆ ಅದಕ್ಕೊಂದು ಮೋಟರು ಜೋಡಿಸಬೇಕು, ತಿರುಗದೆ ಸುಮ್ಮನೆ ಕೂತ ವಸ್ತು ಕಂಡರೆ ಮೋಟರು ಜೋಡಿಸಿ ಅದನ್ನೂ ತಿರುಗಿಸಬೇಕು. ಭಗವಂತ ಲೋಕವನ್ನೆಲ್ಲ ಸೃಷ್ಟಿಸಿ, ಮೋಟರು ಹಚ್ಚುವ ಕೆಲಸವೊಂದನ್ನು ಬಾಕಿ ಇಟ್ಟು, ಅದಕ್ಕೆಂದೇ ತನ್ನನ್ನು ಇಂಡಿ ತಾಲೂಕಿಗೆ ಕಳಿಸಿದ್ದಾನೆಂದು ಅವನ ಬಲವಾದ ನಂಬಿಕೆ.

ಈ ನಂಬಿಕೆಯ ಫಲ ಅವನ ಹೆಂಡತಿ ಗುರವ್ವನಿಗೆ ಹಿತ್ತಲಲ್ಲಿ ಕಾಣುತ್ತದೆ. ಅಲ್ಲಿ ಹನ್ನೊಂದು ಸತ್ತ ಮೋಟರುಗಳು ಸಾಲಾಗಿ ಕೂತಿವೆ. ಅವುಗಳ ಮೇಲೆ ಹಲಗೆ ಹಾಸಿ ಅವಳು ಸಂಡಿಗೆ ಒಣಹಾಕುತ್ತಾಳೆ. ಹೋದ ವರ್ಷ ಅವನು ಮಜ್ಜಿಗೆ ಕಡೆಯುವ ಕಡಗೋಲಿಗೆ ಅರ್ಧ ಎಚ್‌ಪಿ ಮೋಟರು ಹಚ್ಚಿದ್ದ. ಬೆಣ್ಣೆ ಬರಲಿಲ್ಲ ಎನ್ನುವಂತಿಲ್ಲ, ಬಂತು. ಬಂದದ್ದು ಜಂತಿಗೆ. (ಗುರವ್ವ ನಿಚ್ಚಣಿಕೆ ಹತ್ತಿ ಛಾವಣಿಯ ಜಂತಿಯಿಂದ ಬೆಣ್ಣೆ ಬಳಿದು ತಂದು ತುಪ್ಪ ಕಾಸಿದಳು. ತುಪ್ಪ ಚೆನ್ನಾಗಿಯೇ ಇತ್ತು. ಆದರೆ ಆ ಮಾತನ್ನು ಅವಳು ಇಂದಿಗೂ ಗಂಡನೆದುರು ಒಪ್ಪಿಕೊಂಡಿಲ್ಲ.)

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಈ ಸಲ ಅವನು ಮೋಟರು ಹಚ್ಚಲು ಹೊರಟದ್ದು ಕಡಗೋಲಿಗಲ್ಲ, ಸಾಕ್ಷಾತ್ ಭೀಮಾ ನದಿಗೆ.

ಒಬ್ಬಳೇ ಮಗಳು ಸುನಂದಾಳನ್ನು ಕೊಟ್ಟದ್ದು ನದಿಯ ಆಚೆ ದಂಡೆಯ ಊರಿಗೆ. ಮಾಳಿಗೆ ಹತ್ತಿದರೆ ಬೀಗರ ಮನೆಯ ನೀಲಿ ನೀರಿನ ಟಾಕಿ ಕಾಣುತ್ತದೆ. ಗುರವ್ವ ದಿನಾ ಮುಂಜಾನೆ ಮಾಳಿಗೆ ಹತ್ತಿ ಆ ಟಾಕಿಯನ್ನು ನೋಡಿ ಮಗಳನ್ನೇ ನೋಡಿದಷ್ಟು ಸಮಾಧಾನ ಪಟ್ಟುಕೊಂಡು ಇಳಿಯುತ್ತಾಳೆ. ಕಣ್ಣಿಗೆ ಇಷ್ಟು ಹತ್ತಿರ. ರಸ್ತೆ ಹಿಡಿದರೆ ಮಾತ್ರ ಸೇತುವೆ ಸುತ್ತಿಕೊಂಡು ನಲವತ್ತು ಕಿಲೋಮೀಟರು. ಆ ರಸ್ತೆಯಲ್ಲಿ ಟೆಂಪೋ ಹತ್ತಿದವರು ಇಳಿಯುವಾಗ ಕೈಕಾಲು ಎಣಿಸಿಕೊಂಡು ಇಳಿಯಬೇಕು. ಈಗ ಸುನಂದಾಳಿಗೆ ಏಳು ತಿಂಗಳು. ಹೋದ ತಿಂಗಳು ಅವಳನ್ನು ಇಂಡಿಗೆ ತೋರಿಸಲು ಕರೆತಂದಾಗ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ, ಇನ್ನು ಹೆರಿಗೆಯಾಗುವವರೆಗೆ ಈ ಹುಡುಗಿಯನ್ನು ಆ ರಸ್ತೆಯ ಮೇಲೆ ಕುಲುಕಿಸಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದ್ದರು.

ಇತ್ತ ಕುಬಸ ಹದಿನೆಂಟು ದಿನಕ್ಕೆ ಬಂದಿತ್ತು. ಕುಬಸವೆಂದರೆ ತವರಿನವರು ಬುತ್ತಿ ಕಟ್ಟಿಕೊಂಡು ಹೋಗಿ, ಬಸುರಿ ಮಗಳಿಗೆ ಸೀರೆ ಕುಪ್ಪಸ ಉಡಿಸಿ, ಉಡಿ ತುಂಬಿ, ಹೆರಿಗೆಗೆ ಮನೆಗೆ ಕರೆತರುವ ಕಾರ್ಯ. ಬುತ್ತಿಯನ್ನು ಹೇಗೋ ಟೆಂಪೋದಲ್ಲಿ ಒಯ್ಯಬಹುದು, ಕುಲುಕಿದರೆ ಹೋಳಿಗೆಗೇನೂ ಆಗುವುದಿಲ್ಲ. ಮಗಳನ್ನು ಕರೆತರುವುದು ಹೇಗೆ?

ನದಿ ದಾಟಿಸುತ್ತಿದ್ದವನು ಜಹೀರ ಚಾಚಾ. ನಲವತ್ತು ವರ್ಷ ಹುಟ್ಟು ಹಾಕಿ ಅವನ ಭುಜ ಕೈಕೊಟ್ಟಿತ್ತು. ಸಿಂದಗಿಯಲ್ಲಿದ್ದ ಮಗಳ ಮನೆಗೆ ಹೊರಟ ಅವನು ತನ್ನ ಚಪ್ಪಟೆ ತಳದ ನಾವೆಯನ್ನು ಶ್ರೀಶೈಲಪ್ಪನಿಗೆ ಒಪ್ಪಿಸಿದ. ಶ್ರೀಶೈಲಪ್ಪ ತಾನೇ ಒಮ್ಮೆ ಹುಟ್ಟು ಹಾಕಿ ನೋಡಿದ. ನಾವೆ ನಿಂತಲ್ಲೇ ಏಳು ಸುತ್ತು ತಿರುಗಿತು. ಎಂಟನೆಯ ಸುತ್ತಿನಲ್ಲಿ ಅವನಿಗೆ ಜ್ಞಾನೋದಯವಾಯಿತು.

"ಚಾಚಾ, ಇದಕ್ಕ ಮೋಟರ್ ಹಚ್ಚತೇನಿ."

ಜಹೀರ ಚಾಚಾ ಗಡ್ಡ ನೀವಿಕೊಂಡ. "ಹಚ್ಚಪಾ. ಆದ್ರ ಹುಟ್ಟಿಗೆ ಕಣ್ಣಿರತಾವ, ಕಲ್ಲು ಕಂಡ್ರ ತಾನ ಸರೀತೈತಿ. ಮೋಟರಿಗೆ ಕಣ್ಣಿರಂಗಿಲ್ಲ. ತಿಳದವ್ರನ್ನ ಕೇಳಿ ತಗೋ," ಎಂದು ಹೇಳಿ ಸಿಂದಗಿ ಬಸ್ಸು ಹತ್ತಿದ.

ಮನೆಗೆ ಬಂದು ಸುದ್ದಿ ಹೇಳಿದಾಗ ಗುರವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ಒಮ್ಮೆಲೇ ನಿಂತಿತು. (ಅವಳ ರೊಟ್ಟಿಯ ಸಪ್ಪಳ ನಿಂತರೆ ಆ ಮನೆಯಲ್ಲಿ ಬೆಕ್ಕು ಕೂಡ ಹೊರಗೆ ಹೋಗುತ್ತದೆ.)

"ರಸ್ತಿ ಮ್ಯಾಲ ಕುಲುಕಿಸೋದು ಬ್ಯಾಡ ಅಂತ ನನ್ನ ಮಗಳನ್ನ ನೀರಾಗ ಮುಳುಗಸಾಕ ಹೊಂಟೀರೇನು?"

"ಯಾರ ಮುಳುಗಸ್ತಾರ? ಮೋಟರ್ ನಾವಿ ಅಂದ್ರ ತೊಟ್ಟಿಲದಂಗ ಹೋಗತೈತಿ. ನೀ ಏನ್ ತಿಳಕೊಂಡಿ?"

"ಕಡಗೋಲಿಗೆ ಹಚ್ಚಿದಾಗೂ ಹಿಂಗ ಅಂದಿದ್ರಿ."

 ಶ್ರೀಶೈಲಪ್ಪ ಜಂತಿ ನೋಡಿದ. ಅಲ್ಲಿ ಕಲೆ ಇನ್ನೂ ಇತ್ತು.

ಗುರವ್ವ ರೊಟ್ಟಿ ಹೆಂಚಿಗೆ ಹಾಕಿ ತನ್ನ ತೀರ್ಪು ಕೊಟ್ಟಳು. "ಹಂಗಾದ್ರ ಒಂದ್ ಮಾತು ಕೇಳ್ರಿ. ನಾ ಒಂದು ಗಡಿಗಿ ಗಟ್ಟಿ ಮೊಸರು ಕೊಡ್ತೇನಿ. ನಾವಿಯೊಳಗ ಇಟ್ಕೊಂಡು ಆಚಿ ದಂಡಿಗೆ ಹೋಗಿ ಹೊಳ್ಳಿ ಬರ್ರಿ. ಮೊಸರು ಒಡೀಲಾರದ ಬಂತಂದ್ರ ನನ್ನ ಮಗಳು ಕೂಡ್ತಾಳ. ಒಡೀತಂದ್ರ ಕೂಡಂಗಿಲ್ಲ. ಅಷ್ಟ."

ಗಟ್ಟಿ ಮೊಸರಿನ ಸ್ವಭಾವ ಬಲ್ಲವರಿಗೆ ಈ ಪರೀಕ್ಷೆ ಎಂಥದೆಂದು ಬಿಡಿಸಿ ಹೇಳಬೇಕಿಲ್ಲ. ಒಂದು ಧಕ್ಕೆ ತಗುಲಿದರೆ ಸಾಕು, ಮೇಲೆ ಬಿರುಕು ಬಿಟ್ಟು ನೀರು ಕಕ್ಕುತ್ತದೆ. ಯಾವ ಇಂಜಿನಿಯರನ ಉಪಕರಣವೂ ಇಷ್ಟು ಖಚಿತವಾಗಿ ಹೇಳಲಾರದು. ಶ್ರೀಶೈಲಪ್ಪ ಆ ಕ್ಷಣದಲ್ಲೇ ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ಬೀಗರಿಗೆ ಫೋನು ಹಚ್ಚಿ, "ಈ ಸಲ ಬುತ್ತಿ ನೀರ ಮ್ಯಾಲಿಂದ ಬರತೈತಿ ನೋಡ್ರಿ ಬೀಗರ," ಎಂದ. ಫೋನು ಸುನಂದಾಳ ಕೈಗೆ ಹೋದಾಗ ಅವನ ದನಿ ತುಸು ಮೆತ್ತಗಾಯಿತು. "ನಾನ ಕರ್ಕೊಂಡ್ ಬರ್ತೇನವ್ವ. ಒಂದು ಧಕ್ಕಿ ಹತ್ತಗೊಡಂಗಿಲ್ಲ."

"ಹೂಂ ಅಪ್ಪಾ," ಎಂದಳು ಮಗಳು. ಆ ಒಂದು ಹೂಂ ನೆನೆದು ಅವನು ಎರಡು ದಿನ ನಿದ್ದೆಗೆಟ್ಟ.

ಮೂರನೆಯ ದಿನ ಅವನು ಝಳಕಿಯಲ್ಲಿದ್ದ. ಹೈವೇ ಪಕ್ಕ ತಬ್ರೇಜನ ಪಂಪ್‌ಸೆಟ್ ರಿಪೇರಿ ಅಂಗಡಿ. ಎಲ್ಲಿಂದ ಏನು ಬೇಕಾದರೂ ತರಿಸಿಕೊಡುವ ಗಟ್ಟಿಗ ಅವನು. ಮೊಬೈಲಿನಲ್ಲಿ ನಾವೆಯ ಮೋಟರುಗಳ ಚಿತ್ರ ತೆರೆದು ಶ್ರೀಶೈಲಪ್ಪನ ಕೈಗಿಟ್ಟ. ಶ್ರೀಶೈಲಪ್ಪ ಕನ್ನಡಕ ಒರೆಸಿಕೊಂಡು ನೋಡಿದ, ಚಪ್ಪಲಿ ಬಿಟ್ಟು ನೋಡಿದ. ಇಷ್ಟು ವರ್ಷ ಅವನು ಕಂಡ ಮೋಟರುಗಳೆಲ್ಲ ಗ್ರೀಸು ಮೆತ್ತಿಕೊಂಡು ಕೆಸರಲ್ಲಿ ಕೂತ ಬಡಪಾಯಿಗಳು. ಇವೋ, ಕರಿಯ ಕೋಟು ತೊಟ್ಟ ವಕೀಲರ ಹಾಗೆ ಮಿರಮಿರ ಮಿಂಚುತ್ತ ನಾವೆಯ ಹಿಂದೆ ನಿಂತಿದ್ದವು. ಇಂಥದ್ದೊಂದು ವಸ್ತು ಭೂಮಿಯ ಮೇಲೆ ಇದ್ದೂ ತಾನು ಐವತ್ತಾರು ವರ್ಷ ಅದಿಲ್ಲದೆ ಬದುಕಿದೆನಲ್ಲ ಎಂದುಕೊಂಡು ಅವನು ಮೊಬೈಲನ್ನು ಎದೆಗೆ ಒತ್ತಿಕೊಂಡ.

"ನೀರ ಎಷ್ಟ ಆಳ ಐತಿ ಕಾಕಾ?" ಎಂದು ತಬ್ರೇಜ ಕೇಳಿದ.

ಇಡೀ ಕಥೆ ಕೆಟ್ಟದ್ದು ಇಲ್ಲಿಯೇ. ನದಿ ದಂಡೆಯ ರೈತನಿಗೆ ನದಿ ಎಂದರೆ ಅವನ ಜಾಕ್‌ವೆಲ್. ಪಂಪು ನೀರೆಳೆಯಲೆಂದು ದಂಡೆಗೆ ಅವನೇ ತೋಡಿಸಿದ ಗುಂಡಿ ಅದು. ಹುಟ್ಟಿದಾಗಿನಿಂದ ಅವನು ನದಿಯ ಆಳ ನೋಡಿದ್ದೆಲ್ಲ ಆ ಗುಂಡಿಯಲ್ಲೇ.

"ಇಪ್ಪತ್ತೆರಡು ಫೂಟು ಐತಿ ತಮ್ಮಾ," ಎಂದ ಶ್ರೀಶೈಲಪ್ಪ ಕಿಂಚಿತ್ತೂ ಅನುಮಾನವಿಲ್ಲದೆ. "ನಾನ ಖುದ್ದ ಪೈಪ್ ಇಳಸೇನಿ."

"ಅಬಬಬ, ಅಷ್ಟ ನೀರಿದ್ರ ಪಂಖದ ಕಾಲು ಉದ್ದ ಇದ್ದದ್ದ ತಗೋರಿ. ಹದಿನೈದು ಎಚ್‌ಪಿ. ನದಿ ಹರಕೊಂಡು ಹೋಗತೈತಿ."

"ಇದಕ್ಕಿಂತ ಉದ್ದ ಕಾಲಿಂದು ಇಲ್ಲೇನು?"

ಹೆಚ್ಚು ಎಚ್‌ಪಿ, ಹೆಚ್ಚು ಉದ್ದ. ಪಂಪ್‌ಸೆಟ್ಟಿನ ಶಾಸ್ತ್ರದಲ್ಲಿ ಇದರ ಮೇಲೆ ಮಾತಿಲ್ಲ.

ಮೋಟರು ಕಟ್ಟಿಗೆಯ ಪೆಟ್ಟಿಗೆಯಲ್ಲಿ, ಝಳಕಿಯಿಂದ ಟೆಂಪೋ ಮೇಲೆ, ಮದುಮಗನ ಗತ್ತಿನಲ್ಲಿ ಬಂತು. ಅರ್ಧ ಊರು ಸೇರಿತು. ಪೆಟ್ಟಿಗೆ ಬಿಚ್ಚಿದಾಗ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡಿ ದೊಡ್ಡ ದೊಡ್ಡ ಯಂತ್ರ ಕಂಡಿದ್ದ ಪರಮಾನಂದ ಕೂಡ, "ಮಾಲ್ ಐತಿ ಬಿಡು," ಎಂದು ಹಿಂದೆ ಸರಿದು ನಿಂತ. ಶ್ರೀಶೈಲಪ್ಪ ತನ್ನ ತೋಟದ್ದೇ ಐದು ನಿಂಬೆಹಣ್ಣು ಇಟ್ಟು, ವಿಭೂತಿ ಬಳಿದು, ಕಾಯಿ ಒಡೆದು, ಊದಿನಕಡ್ಡಿ ಬೆಳಗಿದ.

ಗುರವ್ವ ಸುತ್ತು ಹಾಕಿ ನೋಡಿ, ಕೆಳಗಿನ ಪಂಖದ ಹತ್ತಿರ ಬಗ್ಗಿದಳು.

"ಏನ್ರೀ, ಇದು ಇಷ್ಟು ಕೆಳಗ ಇಳೀತೈತೇನು?"

"ಇಳೀಬೇಕು. ಇಳದ್ರ ತಾಕತ್ತು."

"ಯಾರನ್ನ ಕೇಳಿ ತಂದ್ರಿ?"

"ತಬ್ರೇಜನ್ನ."

"ಝಳಕ್ಯಾಗ ಹೈವೇ ಐತಿ, ಹೊಳಿ ಎಲ್ಲೈತ್ರಿ?" ಎಂದು ಹೇಳಿ ಗುರವ್ವ ಒಳಗೆ ಹೋಗಿ ಮೊಸರಿನ ಗಡಿಗೆ ತಂದುಕೊಟ್ಟಳು. ಆಮೇಲೆ ಒಂದು ಮಾತೂ ಆಡದೆ ನದಿ ದಂಡೆಗೆ ಹೋಗಿ ಬಟ್ಟೆ ತೊಳೆಯುವ ಕಲ್ಲಿನ ಮೇಲೆ ಕೂತಳು. ಶ್ರೀಶೈಲಪ್ಪ ಆ ಮೌನವನ್ನು ಮೆಚ್ಚುಗೆ ಎಂದು ತಿಳಿದ. ಮದುವೆಯಾಗಿ ಮೂವತ್ತೊಂದು ವರ್ಷವಾದ ಗಂಡಸು ಇಂಥ ತಪ್ಪು ಮಾಡಬಾರದು.

ಜಾಕ್‌ವೆಲ್ಲಿನ ಹತ್ತಿರದಿಂದ ನಾವೆ ಹೊರಟಿತು. ಕೊರಳಿಗೆ ಟ್ರ್ಯಾಕ್ಟರಿನ ಟ್ಯೂಬು, ಕಾಲ ಸಂದಿಯಲ್ಲಿ ಗಡಿಗೆ, ಕೈಯಲ್ಲಿ ಹದಿನೈದು ಕುದುರೆಗಳ ಲಗಾಮು. ಅವನು ಲಗಾಮು ತಿರುವಿದ. ಆಹಾ, ಆ ಗರ್ಜನೆಯನ್ನು ಏನೆಂದು ಹೇಳುವುದು. ನಾವೆಯ ಮೂಗು ಆಕಾಶಕ್ಕೆ ಎದ್ದಿತು. ಬೀಗರ ಊರು ಮಾಯವಾಗಿ ಬರೀ ಮೋಡ ಕಂಡವು. ಎರಡೂ ಬದಿಗೆ ನೀರು ಬಿಳಿ ಗೋಡೆಯಾಗಿ ಎದ್ದು ನಿಂತಿತು. ತಾನು ಹಾರುತ್ತಿದ್ದೇನೆ ಎನಿಸಿತು ಅವನಿಗೆ. ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ದೇವರ ಹೆಸರು ಬಂತು. ಜೀವನದಲ್ಲಿ ಮೊದಲ ಬಾರಿಗೆ ಅವನು ಒಂದು ಮೋಟರಿನೆದುರು ತಾನು ಸಣ್ಣವನೆಂದು ಒಪ್ಪಿಕೊಂಡ.

ಈ ಭಕ್ತಿ ಸುಮಾರು ಹನ್ನೆರಡು ಸೆಕೆಂಡು ನಡೆಯಿತು. ಆಮೇಲೆ 'ಖಟ್' ಎಂದಿತು.

ಮೋಟರು ಹಿಂದೆ ಎಗರಿ ಗಾಳಿಯಲ್ಲಿ ಕಿರುಚಿತು. ನಾವೆ ಏನನ್ನೋ ಹತ್ತಿ ಕೂತಿತು. ಗಡಿಗೆ ಎದ್ದು, ಅರ್ಧ ಸುತ್ತು ತಿರುಗಿ, ಸಮಸ್ತ ಮೊಸರನ್ನು ಅವನ ರುಮಾಲಿನ ಮೇಲೆ ಸಮರ್ಪಿಸಿ ಕೆಳಗೆ ಬಿತ್ತು. ಕಣ್ಣಿಗೆ ಮೊಸರು ಇಳಿದು ಲೋಕವೆಲ್ಲ ಬೆಳ್ಳಗಾಯಿತು. ತಾನು ಸತ್ತು ಕೈಲಾಸಕ್ಕೆ ಬಂದೆನೆಂದೇ ಅವನು ತಿಳಿದ. ಇನ್ನೂ ಸತ್ತಿಲ್ಲವೆಂದು ಗೊತ್ತಾದಾಗ ಟ್ಯೂಬನ್ನು ಎರಡೂ ಕೈಯಿಂದ ಅವಚಿ ಹಿಡಿದು ಕೂಗಿದ:

"ಗುರವ್ವಾ, ಇಪ್ಪತ್ತೆರಡು ಫೂಟು ನೀರಾಗ ನಿಂತೇನಿ. ಸುನಂದಾನ್ನ ಚಂದಂಗ ನೋಡ್ಕೋ."

ದಂಡೆಯಲ್ಲಿ ಗುರವ್ವ ಎದ್ದಳು. ಸೀರೆಯ ನಿರಿಗೆ ಎತ್ತಿ ಕಚ್ಚೆಗೆ ಸಿಕ್ಕಿಸಿದಳು. ನೀರಿಗೆ ಇಳಿದಳು. ಇಳಿದವಳು ಮುಳುಗಲಿಲ್ಲ. ಸಂತೆಗೆ ಹೊರಟವಳ ಹಾಗೆ ನಡೆಯುತ್ತಲೇ ಬಂದಳು, ಬಂದಳು, ನಾವೆಯ ಪಕ್ಕದಲ್ಲೇ ಬಂದು ನಿಂತಳು. ನೀರು ಅವಳ ಮೊಣಕಾಲಿಗೂ ಹತ್ತಿರಲಿಲ್ಲ.

"ಇಳೀರಿ," ಎಂದಳು.

ಶ್ರೀಶೈಲಪ್ಪ ಟ್ಯೂಬು ಸಮೇತ ಇಳಿದ. ಆಮೇಲೆ ಟ್ಯೂಬನ್ನು ಮೆಲ್ಲಗೆ ತೆಗೆದು ನಾವೆಯೊಳಗೆ ಇಟ್ಟ. ದಂಡೆಯಲ್ಲಿದ್ದ ಜನ ಬೇರೆ ಕಡೆ ನೋಡುವಷ್ಟು ಸಜ್ಜನರೇನೂ ಆಗಿರಲಿಲ್ಲ.

"ಇದು ಚಂದವ್ವನ ಕಲ್ಲು," ಎಂದು ಗುರವ್ವ ನಾವೆ ಹತ್ತಿ ಕೂತಿದ್ದ ಬಂಡೆಯನ್ನು ಕಾಲಿನಿಂದ ತೋರಿಸಿದಳು. "ಚಂದವ್ವ ಕೌದಿ ಒಗ್ಯಾಕ ಇಲ್ಲೇ ಬರ್ತಿದ್ಳು. ಅದರ ಬಲಕ್ಕ ಜೋಡಿ ಕಲ್ಲು. ಅದರಾಚಿ ಗುಲನಾಜನ ಕಲ್ಲು, ಆಕಿ ಕಾಲಿನ ಪೈಜಣ ಅದರ ಸಂದ್ಯಾಗ ಬಿದ್ದು ಹೋತು. ಅಗೋ, ಅಲ್ಲಿ ನೀರು ಸುಳಿ ಹೊಡೀತೈತೆಲ್ಲ, ಅದು ಅತ್ತೀ ಕಲ್ಲು. ನಿಮ್ಮವ್ವ ಅದರ ಮ್ಯಾಲ ಕುಂತ ನಾ ಒಗದ ಅರಿವಿ ಎಣಸ್ತಿದ್ರು."

"ಕಲ್ಲಿಗೆಲ್ಲ ಹೆಸರೈತೇನು?"

"ಮತ್ತ? ದಿನಾ ಬರೋವ್ರಿಗೆ ಹೆಸರಿಲ್ಲದ ಹ್ಯಾಂಗ ನಡೀತೈತಿ? ಇಲ್ಲಿಂದ ಅಲ್ಲೀತನ ಕಾಲುಂಗರ ನೀರು. ಮುಂದ ಮೊಣಕಾಲ ನೀರು. ಅದರ ಮುಂದ ಡಾಬಿನ ನೀರು. ನಟ್ಟನಡುವ ಮಾತ್ರ ತಾಳಿ ನೀರು, ಅಲ್ಲಿ ಸೆಳವು ಭಾಳ, ನಾವ್ಯಾರೂ ಹೋಗಂಗಿಲ್ಲ. ಅದನ್ನ ದಾಟಿದ್ರ ಆಚಿ ಹೆಣ್ಮಕ್ಕಳ ಕಲ್ಲು ಸುರು."

ಡಾಬು ಎಂದರೆ ಸೊಂಟಪಟ್ಟಿ. ಕಾಲ ಬೆರಳಿನಿಂದ ಕೊರಳವರೆಗೆ ಮೈಮೇಲಿನ ಒಡವೆಗಳಿಂದಲೇ ಇಡೀ ನದಿಯನ್ನು ಅಳೆದಿಟ್ಟಿದ್ದರು ಊರ ಹೆಂಗಸರು. ಶ್ರೀಶೈಲಪ್ಪ ಹೆಂಡತಿಯನ್ನು ಬೆರಗಾಗಿ ನೋಡಿದ. ನೀರಾವರಿ ಕಚೇರಿಗೆ ಹನ್ನೆರಡು ಸಲ ಅಲೆದರೂ ನದಿಯ ನಕಾಶೆ ಅವನಿಗೆ ಸಿಕ್ಕಿರಲಿಲ್ಲ. ಅದು ಮೂವತ್ತೊಂದು ವರ್ಷದಿಂದ ತನ್ನ ಮನೆಯಲ್ಲೇ ರೊಟ್ಟಿ ಬಡಿಯುತ್ತಿತ್ತು.

"ಮದಲ ಯಾಕ ಹೇಳ್ಲಿಲ್ಲ?" ಎಂದ, ರುಮಾಲಿನಿಂದ ಮೊಸರು ಹಿಂಡುತ್ತ.

"ಮದಲ ಯಾಕ ಕೇಳ್ಲಿಲ್ಲ?" ಎಂದಳು ಗುರವ್ವ.

ಕುಬಸಕ್ಕೆ ಹತ್ತು ದಿನ ಉಳಿದಿತ್ತು. ಅವನು ಅಂದು ಊಟ ಮಾಡಲಿಲ್ಲ. ನಗೆಪಾಟಲಾದದ್ದಕ್ಕಲ್ಲ, ಅದು ಅವನಿಗೆ ರೂಢಿಯಿತ್ತು. ಆ ಖಟ್ ಎಂದಾಗ ಗಡಿಗೆಯ ಜಾಗದಲ್ಲಿ ಸುನಂದಾ ಕೂತಿದ್ದರೆ ಎಂಬ ಯೋಚನೆಯಿಂದ ಅವನು ತಾಟು ಪಕ್ಕಕ್ಕೆ ಸರಿಸಿದ. "ಬ್ಯಾಡ ಬಿಡು. ಇಲ್ಲೇ ಹೆರಿಗಿ ಅಂತ ಹಟ ಬ್ಯಾಡ. ಅಲ್ಲೇ ಇರ್ಲಿ," ಎಂದ.

ಚೊಚ್ಚಲ ಹೆರಿಗೆ ತವರಿನಲ್ಲಾಗದೆ ಬೀಗರ ಮನೆಯಲ್ಲಾಗುವುದೆಂದರೆ ಗುರವ್ವನಿಗೆ ಎದೆ ಒಡೆದಂತೆ. ಮಾಳಿಗೆ ಹತ್ತಿ ಟಾಕಿ ನೋಡಿ ಮೊಮ್ಮಗನನ್ನು ನೋಡಿದಂತೆ ಸಮಾಧಾನ ಪಟ್ಟುಕೊಳ್ಳಲು ಅವಳಿಂದ ಸಾಧ್ಯವಿರಲಿಲ್ಲ. ಅವಳು ಅರ್ಧ ರೊಟ್ಟಿ ಅವನ ತಾಟಿಗೆ ಹಾಕಿ, "ಉಣ್ರಿ. ನಾಳೆ ಝಳಕಿಗೆ ನಾನೂ ಬರ್ತೇನಿ," ಎಂದಳು.

ಮರುದಿನ ತಬ್ರೇಜ ಹದಿನೈದು ಎಚ್‌ಪಿಯ ಪಂಖ ಬಿಚ್ಚಿ ಒಳಗಿನಿಂದ ಬೆರಳುದ್ದದ ಒಂದು ಮುರಿದ ಪಿನ್ನು ತೆಗೆದ. "ಮೋಟರಿಗೆ ಏನೂ ಆಗಿಲ್ಲ ಕಾಕೂ. ಕಲ್ಲಿಗೆ ಬಡದ್ರ ಈ ಪಿನ್ನ ಮುರೀತೈತಿ, ಮೋಟರ್ ಉಳೀತೈತಿ."

"ಮಿಕ್ಸಿ ಕೆಳಗ ಪ್ಲಾಸ್ಟಿಕ್ ಚಕ್ರ ಇದ್ದಂಗ," ಎಂದಳು ಗುರವ್ವ. "ಖಾರ ಗಟ್ಟಿ ಆದ್ರ ಅದು ಕಿತ್ತ ಹೋಗತೈತಿ, ಮಿಕ್ಸಿ ಸುಡಂಗಿಲ್ಲ."

ತಬ್ರೇಜ ಸ್ಪ್ಯಾನರು ಕೆಳಗಿಟ್ಟು ಅವಳ ಕಡೆಗೆ ತಿರುಗಿ ಕೂತ. ಅಲ್ಲಿಂದ ಮುಂದೆ ಅವನು ಶ್ರೀಶೈಲಪ್ಪನ ಮುಖ ನೋಡಿ ಒಂದು ಮಾತೂ ಆಡಲಿಲ್ಲ.

"ನೀರ ಎಷ್ಟ ಐತಿ ಕಾಕೂ?"

"ಕಡಿಮಿ ಅಂದಲ್ಲಿ ಒಂದು ಗೇಣು. ಅದರೊಳಗ ಕಲ್ಲು."

"ಹಂಗಾದ್ರ ಪಂಖ ಇರಲಾರದ್ದು ಒಂದೈತಿ. ಕೆಳಗಿಂದ ನೀರ ಎಳದು ಹಿಂದ ಪಿಚಕಾರಿ ಹೊಡೀತೈತಿ. ಕಲ್ಲಿಗೆ ಬಡ್ಯಾಕ ಏನೂ ಇರಂಗಿಲ್ಲ."

ಇಲ್ಲಿ ಶ್ರೀಶೈಲಪ್ಪ ತಲೆ ಎತ್ತಿದ. "ಎಳಿಯೂದಾದ್ರ ಬ್ಯಾಡ. ಬ್ಯಾಸಗ್ಯಾಗ ನಮ್ಮ ಹೊಳಿ ತುಂಬ ಪಾಚಿ. ಪಂಪಿನ ಫುಟ್‌ವಾಲ್ವಿಗೆ ದಿನಾ ಸಿಕ್ಕೋತೈತಿ. ಇದಕ್ಕೂ ಸಿಕ್ಕೋತೈತಿ, ನಡುವ ನಿಲ್ಲತೈತಿ."

"ಖರೆ ಅಂದ್ರಿ," ಎಂದಳು ಗುರವ್ವ. ಆ ತಿಂಗಳಲ್ಲಿ ಅವನು ಆಡಿದ ಸರಿಯಾದ ಮಾತು ಅದೊಂದೇ. ಅವನು ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡ.

ತಬ್ರೇಜ ಮೂಲೆಯಿಂದ ಮೂರನೆಯದನ್ನು ಎಳೆದು ತಂದ. ನೋಡಲು ದರಿದ್ರವಾಗಿತ್ತು. ಔಷಧ ಹೊಡೆಯುವ ಯಂತ್ರದಷ್ಟು ಸಣ್ಣ ಐದು ಎಚ್‌ಪಿ ಇಂಜಿನು. ಅದಕ್ಕೆ ಆಳುದ್ದದ ಒಂದು ಸಪೂರ ಕೊಳವೆ, ಕೊಳವೆಯ ತುದಿಗೆ ಅಂಗೈಯಗಲದ ಪಂಖ. ಕರಿಯ ಕೋಟಿಲ್ಲ, ಗತ್ತಿಲ್ಲ. ಇಂಜಿನು ನಾವೆಯ ಮೇಲೆ ಕೂರುತ್ತದೆ, ಬಾಲ ಹಿಂದಕ್ಕೆ ನೀರಿನ ಮೇಲ್ಪದರದಲ್ಲಿ ಮಲಗುತ್ತದೆ. ಈ ಕಡೆಯ ಹಿಡಿಕೆ ಒತ್ತಿದರೆ ಆ ಕಡೆ ಬಾಲ ಏಳುತ್ತದೆ.

ಗುರವ್ವ ಹಿಡಿಕೆ ಹಿಡಿದು ಒಮ್ಮೆ ಒತ್ತಿ, ಒಮ್ಮೆ ಬಿಟ್ಟು ನೋಡಿದಳು. ಮಠದಲ್ಲಿ ನಾನೂರು ಜನಕ್ಕೆ ಹುಗ್ಗಿ ಮಾಡಿದ ಕೈ ಅದು. ಕೊಪ್ಪರಿಗೆಯ ಅಂಚಿಗೆ ಉದ್ದ ಸೌಟು ಆನಿಸಿ, ಈ ತುದಿ ಒತ್ತಿ ಆ ತುದಿ ಎತ್ತಿ, ತಳ ಹತ್ತದಂತೆ, ಮೇಲೆ ಚೆಲ್ಲದಂತೆ ತಿರುವುವುದು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ.

"ಇದ ಇರ್ಲಿ," ಎಂದಳು.

ಹದಿನೈದು ಎಚ್‌ಪಿಯನ್ನು ಮುದ್ದೇಬಿಹಾಳದ ಕಡೆ ಹಿನ್ನೀರಿನಲ್ಲಿ ಮೀನು ಹಿಡಿಯುವವನೊಬ್ಬನಿಗೆ ದಾಟಿಸುವೆನೆಂದು ತಬ್ರೇಜ ಹೇಳಿದ. ಅಲ್ಲಿ ನಿಜವಾಗಿ ಆಳ ನೀರಿತ್ತು. ಶ್ರೀಶೈಲಪ್ಪ ಅದರ ಕರಿಯ ತಲೆಯನ್ನು ಒಮ್ಮೆ ಸವರಿ, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕೂಡ ಆಗದಷ್ಟು ಭಾರವಾದ ಮನಸ್ಸಿನಿಂದ ಟೆಂಪೋ ಹತ್ತಿದ.

ಮುಂದಿನ ಒಂದು ವಾರ ನದಿಯಲ್ಲಿ ತಾಲೀಮು. ಮೊದಲು ನಡೆಸಿದವನು ಶ್ರೀಶೈಲಪ್ಪನೇ. ಆದರೆ ಅವನ ಕೈಗೆ ಪಂಪಿನ ಬುದ್ಧಿ ಅಂಟಿತ್ತು. ಪಂಪಿನ ಬಾಯಿ ನೀರಿನ ಮೇಲೆ ಬಂದರೆ ಗಾಳಿ ಎಳೆದು ಪಂಪು ಸುಡುತ್ತದೆ ಎಂಬ ಹೆದರಿಕೆ ಅವನ ರಕ್ತದಲ್ಲೇ ಇತ್ತು. ಪಂಖ ತುಸು ಮೇಲೆ ಬಂದರೂ ಬಾಲವನ್ನು ತಳಕ್ಕೆ ತುರುಕುತ್ತಿದ್ದ. ಜೋಡಿ ಕಲ್ಲಿಗೆ ಎರಡು ಸಲ, ಅತ್ತೀ ಕಲ್ಲಿಗೆ ನಾಲ್ಕು ಸಲ ಬಡಿಸಿದ. ("ಬದುಕಿದ್ದಾಗೂ ಅತ್ತಿ ಹಿಂಗ ದಾರಿಗೆ ಅಡ್ಡ ಕೂಡ್ತಿದ್ರು," ಎಂದಳು ಗುರವ್ವ.) ಮೂರು ಗಡಿಗೆ ಮೊಸರು ಒಡೆದವು. ಮನೆಯಲ್ಲಿ ವಾರವಿಡೀ ಮಜ್ಜಿಗೆ ಸಾರು.

ನಾಲ್ಕನೆಯ ಗಡಿಗೆಗೆ ಗುರವ್ವ, "ಸರೀರಿ ಅತ್ತಾಗ," ಎಂದು ಹಿಡಿಕೆ ತಾನು ಹಿಡಿದಳು. ಚಂದವ್ವನ ಕಲ್ಲು ಬಂದಾಗ ಒತ್ತಿದಳು, ಬಾಲ ಎದ್ದಿತು, ನಾವೆ ಜಾರಿ ಮುಂದೆ ಹೋಯಿತು. ಸೆಳವು ಬಂದಾಗ ಬಿಟ್ಟಳು, ಬಾಲ ಇಳಿದು ನೀರು ಕಚ್ಚಿತು. ಆಚೆ ದಂಡೆ ಮುಟ್ಟಿ ತಿರುಗಿ ಬಂದಾಗ ಗಡಿಗೆಯ ಮುಚ್ಚಳ ತೆಗೆದರೆ ಮೊಸರು ಹೆಪ್ಪು ಹಾಕಿದಾಗ ಹೇಗಿತ್ತೋ ಹಾಗೇ ಇತ್ತು. ಶ್ರೀಶೈಲಪ್ಪ ಬಾಯಿ ತೆರೆದು ಕೂತಿದ್ದ. ಹದಿನೈದು ಎಚ್‌ಪಿಯ ಮುಂದೆ ಅವನಿಗಾದ ಬೆರಗು ಇದರ ಮುಂದೆ ಏನೇನೂ ಅಲ್ಲ. ಅದು ಹನ್ನೆರಡು ಸೆಕೆಂಡಿನದು. ಇದು ಇವತ್ತಿಗೂ ಇಳಿದಿಲ್ಲ.

ಕುಬಸದ ದಿನ ಬುತ್ತಿ ಹೊರಟಿತು. ಹೋಳಿಗೆ, ಕಡಬು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ನಟ್ಟನಡುವೆ ಮೊಸರಿನ ಗಡಿಗೆ. ಇಳಕಲ್ ಸೀರೆ ಉಟ್ಟ ಗುರವ್ವ ಹಿಂದೆ ಹಿಡಿಕೆ ಹಿಡಿದು ಕೂತಳು. ಮುಂದೆ, ಹೊಸ ರುಮಾಲು ಸುತ್ತಿಕೊಂಡ ಶ್ರೀಶೈಲಪ್ಪ. ನಾವೆ ನಡೆಸುವವರು ಮುಂದೆ ಕೂರುತ್ತಾರೆಂದು ಬೀಗರು ತಿಳಿದರೆ ತಿಳಿದುಕೊಳ್ಳಲಿ ಎಂದು ಅವನ ಆಸೆ. ಆದರೆ ಆಚೆ ದಂಡೆಯಲ್ಲಿ ನಿಂತಿದ್ದ ಇಡೀ ಊರು ಅವನ ತಲೆಯ ಮೇಲಿಂದ ಹಿಂದೆಯೇ ನೋಡುತ್ತಿತ್ತು. ಅಳಿಯ ಚೇತನಕುಮಾರ ಮೊಬೈಲು ಹಿಡಿದು ವಿಡಿಯೋ ಮಾಡುತ್ತ, "ಮಾವಾರ, ತುಸು ಬಗ್ಗರಿ, ಅತ್ತಿ ಕಾಣವಲ್ರು," ಎಂದ.

ಕಾರ್ಯ ಚೆನ್ನಾಗಿ ಆಯಿತು. ಹೊರಡುವ ಹೊತ್ತಿಗೆ ಬೀಗತಿ ಮೊಸರಿನ ಗಡಿಗೆಯನ್ನು ತೊಳೆದು, ತವರಿನ ಗಡಿಗೆ ಬರಿದು ಕಳಿಸಬಾರದೆಂದು ತಮ್ಮ ಎಮ್ಮೆಯ ಗಟ್ಟಿ ಮೊಸರು ತುಂಬಿ ತಂದರು. ತಂದವರು ಗಡಿಗೆ ಕೊಟ್ಟು ನಿಲ್ಲಲಿಲ್ಲ. "ಸೊಸೀನ ನಾನೂ ಮುಟ್ಟಿಸಿ ಬರ್ತೇನಿ. ಈ ನಾವಿ ಒಮ್ಮಿ ಹತ್ತಬೇಕು ನೋಡ್ರಿ," ಎಂದು ನಾವೆಯಲ್ಲಿ ಕೂತೇ ಬಿಟ್ಟರು. ಅವರದು ತುಂಬಿದ ಮನೆಯ ತುಂಬಿದ ಮೈ. ನಾವೆ ನಾಲ್ಕು ಬೆರಳು ಇಳಿಯಿತು. ಸುನಂದಾ ಕೂತಳು, ಇನ್ನೆರಡು ಬೆರಳು. ಶ್ರೀಶೈಲಪ್ಪ ಒಂದು ಕಾಲಿಟ್ಟ.

"ನಿಲ್ರಿ," ಎಂದಳು ಗುರವ್ವ. ನೀರಿನ ಗೆರೆ ನೋಡಿದಳು, ಮುಂದಿನ ಕಲ್ಲುಗಳನ್ನು ನೋಡಿದಳು. "ಇನ್ನೊಬ್ರು ಹತ್ತಿದ್ರ ತಳ ಕಲ್ಲಿಗೆ ತಾಗತೈತಿ. ನೀವು ಇಲ್ಲೇ ಇರ್ರಿ. ಇನ್ನೊಂದ್ ಸಲ ಬಂದು ಒಯ್ತೇನಿ."

ಎಲ್ಲರೂ ಅವನನ್ನು ನೋಡಿದರು. ಸುನಂದಾ ಕೂಡ ನೋಡಿದಳು.  ಫೋನಿನಲ್ಲಿ ಕೇಳಿದ ಅವಳ ಆ ಹೂಂ ಅವನ ಕಿವಿಯಲ್ಲಿತ್ತು.

"ನಾನ ಕರ್ಕೊಂಡು ಹೋಗ್ತೇನಿ ಅಂದೇನಿ," ಎಂದ ಶ್ರೀಶೈಲಪ್ಪ. ಧೋತರ ಎತ್ತಿಕಟ್ಟಿದ. ಬುತ್ತಿಯ ಬುಟ್ಟಿಗಳ ನಡುವೆ ಒತ್ತಿಕೊಂಡಿದ್ದ ಗಡಿಗೆಯನ್ನು ತೆಗೆದು, ರುಮಾಲನ್ನು ಸಿಂಬಿ ಮಾಡಿ, ತಲೆಯ ಮೇಲಿಟ್ಟುಕೊಂಡು ನೇರವಾಗಿ ನದಿಗೆ ಇಳಿದ.

ಹೀಗೆ ಭೀಮಾ ನದಿಗೆ ಮೋಟರು ಹಚ್ಚಲು ಹೊರಟ ಮಹಾಪುರುಷ ಆ ನದಿಯನ್ನು ನಡೆದು ದಾಟಿದ. ಮುಂದೆ ಅವನು, ಕಾಲಿನಿಂದ ಕಲ್ಲು ತಡವಿ "ಇಲ್ಲೈತಿ, ಎಡಕ್ಕ" ಎನ್ನುತ್ತ. ಹಿಂದೆ ನಾವೆ, ಬಾಲ ಎತ್ತಿ ಇಳಿಸುತ್ತ. ನಡುವಿನ ಸೆಳವಿನ ಹತ್ತಿರ ಆಳ ನೀರು ಬಂದಾಗ ನಾವೆಯ ತಳಕ್ಕೆ ಭಯವಿರಲಿಲ್ಲ, ಬೀಗತಿ ಕೈಕೊಟ್ಟು ಅವನನ್ನು ತಲೆಯ ಮೇಲಿನ ಗಡಿಗೆ ಸಮೇತ ಮೇಲೆ ಎಳೆದುಕೊಂಡರು. ದಾಟಿದ ಮೇಲೆ ಕಲ್ಲು ಶುರುವಾದವು, ಗುರವ್ವ "ಇಳೀರಿ" ಎಂದಳು, ಮತ್ತೆ ಇಳಿದ. ಅತ್ತೀ ಕಲ್ಲಿನ ಹತ್ತಿರ ಅವನು ತಡೆದು ನಿಂತು, ನಾವೆಯ ಅಂಚನ್ನು ಒಂದು ಕೈಯಿಂದ ಹಿಡಿದು, ಕಲ್ಲಿಗೂ ಮಗಳಿಗೂ ನಡುವೆ ತನ್ನ ತೊಡೆ ಕೊಟ್ಟು ದಾಟಿಸಿದ. ತೊಡೆ ತರಚಿತು. ನಾವೆಗೆ ಧಕ್ಕೆ ತಾಗಲಿಲ್ಲ. ಸುನಂದಾ ಬಗ್ಗಿ ನೀರಲ್ಲಿ ಕೈ ಆಡಿಸುತ್ತ ಕೂತಿದ್ದಳು. ಹೊಟ್ಟೆಯೊಳಗೆ ಕೂಸು ಗಡದ್ದಾಗಿ ನಿದ್ದೆ ಮಾಡುತ್ತಿದೆ ಎಂದಳು.

ಅಗರಖೇಡದ ದಂಡೆಯಲ್ಲಿ ಮಗಳು ಕಾಲಿಟ್ಟಾಗ ಗುರವ್ವ ಎದುರಿಗೆ ನಿಂತು ಅವಳ ಗಲ್ಲ ಸವರಿ ಲಟಿಕೆ ಮುರಿದಳು.  ಆಮೇಲೆ ಗಂಡನ ತಲೆಯಿಂದ ಗಡಿಗೆ ಇಳಿಸಿ ಮುಚ್ಚಳ ತೆಗೆದಳು. ಬಿರುಕಿಲ್ಲ, ಒಂದು ಹನಿ ನೀರು ಒಡೆದಿಲ್ಲ, ಮೇಲಿನ ಕೆನೆ ಕೂಡ ಸರಿದಿರಲಿಲ್ಲ.

ಶ್ರೀಶೈಲಪ್ಪ ಎದೆ ಸೆಟೆಸಿದ. "ನೋಡಿದೇನು? ಮೋಟರ್ ಪಾಸಾತು."

"ಗಡಿಗಿ ಮೋಟರಿನ ನಾವ್ಯಾಗ ಎಲ್ಲಿತ್ರಿ?" ಎಂದಳು ಗುರವ್ವ. "ನಿಮ್ಮ ತಲಿ ಮ್ಯಾಲಿತ್ತು. ಪಾಸಾದವ್ರು ನೀವು."

ಮೂವತ್ತೊಂದು ವರ್ಷದಲ್ಲಿ ಅವಳು ಗಂಡನನ್ನು ಹೊಗಳಿದ್ದು ಇದೇ ಮೊದಲು. ಅದೂ ಬೀಗತಿಯ ಎದುರು, ಊರವರ ಎದುರು. ಶ್ರೀಶೈಲಪ್ಪ ತೊಯ್ದ ಧೋತರ ಹಿಂಡುತ್ತ ನಿಂತ.

"ಅದನ್ನ ಲಗೂ ಒಣಗಿಸಿ ಇಟ್ಕೊಳ್ರಿ," ಎಂದಳು ಗುರವ್ವ, ಮಗಳ ಕೈ ಹಿಡಿದು ಮನೆಯ ಕಡೆ ನಡೆಯುತ್ತ. "ನಾಳೆ ಬೀಗತೀರನ್ನ ಬಿಟ್ಟು ಬರಬೇಕು."